ಸುತ್ತಿನ ಲೆಕ್ಕ

ಅಣ್ಣ ಹೋದದ್ದು ವೇಗದಿಂದ ಅಂತ ಎಲ್ಲರೂ ಹೇಳಿದರು. ಮೊದಲು ಹೇಳಿದವನು ತಿರುವಿನ ಅಂಗಡಿಯವನು. ಆಮೇಲೆ ಪೊಲೀಸರು. ಎಲ್ಲರಿಗಿಂತ ಹೆಚ್ಚು ಸಲ ಹೇಳಿದವರು ನಮ್ಮ ಅಪ್ಪ.

ಅಣ್ಣನದು ಬೀಗ ರಿಪೇರಿ ಕೆಲಸ. ಬೀಗದ ಕೈ ಕಳಕೊಂಡವರು, ಬಾಗಿಲು ಎಳೆದುಕೊಂಡು ಹೊರಗೆ ನಿಂತವರು, ಬೀರುವಿನ ಹಿಡಿ ಮುರಿದುಕೊಂಡವರು ಫೋನ್ ಮಾಡಿದರೆ ಇವನು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. 'ಊರ ಬಾಯಿ ಒಂದು ಬಿಟ್ಟು ಬಾಕಿ ಎಲ್ಲದಕ್ಕೂ ನನ್ನ ಹತ್ತಿರ ಬೀಗ ಇದೆ' ಅನ್ನುವುದು ಅವನ ಹಳೇ ತಮಾಷೆ. ಊರಿನ ಈ ತುದಿಯಿಂದ ಆ ತುದಿಗೆ ಸೈಕಲ್ ತುಳಿದು ತುಳಿದು ಮಂಡಿ ಸೋತಾಗ ಅದೇ ಸೈಕಲ್ಲಿಗೆ ಒಂದು ಸಣ್ಣ ಪೆಟ್ರೋಲ್ ಇಂಜಿನ್ ಕೂರಿಸಿದ. ಎರಡು ಕೈಯಲ್ಲಿ ಎತ್ತಬಹುದಾದಷ್ಟು ಚಿಕ್ಕದು. ಸದ್ದು ಮಾತ್ರ ಬೀದಿಯ ಕೊನೆಯ ಮನೆಯ ಮಗುವನ್ನೂ ಎಬ್ಬಿಸುವಂಥದ್ದು.

ಅಪ್ಪನಿಗೆ ಅದು ಮೊದಲಿಂದಲೂ ಸೇರಲಿಲ್ಲ. ಅವರು ಬಸ್ ಡ್ರೈವರ್ ಆಗಿದ್ದವರು, ಕೆಲಸದಲ್ಲಿ ಇದ್ದಷ್ಟು ವರ್ಷವೂ ಒಂದು ಕೋಳಿಯನ್ನು ಕೂಡ ಗಾಲಿಗೆ ಕೊಟ್ಟವರಲ್ಲ. "ಇಂಜಿನ್ ಏನೋ ಕೂರಿಸಿದೆ. ಬ್ರೇಕು ಸೈಕಲ್ಲಿಂದೇ ಅಲ್ವಾ?" ಅಂತ ಕೇಳಿದರು. ಅಣ್ಣ ನಕ್ಕು, "ಇದು ಓಡಲ್ಲ ಅಪ್ಪ, ನಡೆಯುತ್ತೆ ಅಷ್ಟೇ. ಕೂಗಾಡಿಕೊಂಡು ನಡೆಯುತ್ತೆ," ಅಂದಿದ್ದ.

ಆ ದಿನ ಅವನು ಕೆಲಸ ಮುಗಿಸಿ ಊಟಕ್ಕೆ ಮನೆಗೆ ಬರುತ್ತಿದ್ದ. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರು ಇಳಿದರೆ ಎಡಕ್ಕೆ ಒಂದು ತಿರುವು. ಯಾವುದೋ ಲಾರಿಯಿಂದ ಅಲ್ಲಿ ಮರಳು ಚೆಲ್ಲಿತ್ತು. ಮುಂದಿನ ಚಕ್ರ ಮರಳಿನ ಮೇಲೆ ಜಾರಿತು, ತಲೆ ರಸ್ತೆ ಅಂಚಿನ ಕಲ್ಲಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಬಾಣ ಬಿಟ್ಟ ಹಾಗೆ ಬಂದ," ಅಂತ ಅಂಗಡಿಯವನು ಪೊಲೀಸರಿಗೆ ಹೇಳಿದ. ಅವರು 'ಅತಿವೇಗ' ಅಂತ ಬರೆದುಕೊಂಡರು.

ಮನೆಯಲ್ಲಿ ಉಳಿದವರು ಮೂವರು. ಅಪ್ಪ, ಅತ್ತಿಗೆ, ನಾನು. ಅಮ್ಮ ಹೋಗಿ ಬಹಳ ವರ್ಷವಾಗಿತ್ತು. ಅತ್ತಿಗೆಗೂ ನನಗೂ ಒಂದೇ ವಯಸ್ಸು, ಹಾಗಾಗಿ ನಮ್ಮ ಮಾತು ಏಕವಚನದಲ್ಲೇ. ಅವಳು ಶರಟು ಹೊಲಿಯುವ ಫ್ಯಾಕ್ಟರಿಯಲ್ಲಿ ಕಾಲರ್ ಕೂರಿಸುವ ಕೆಲಸ ಮಾಡುತ್ತಿದ್ದಳು. ನಾನು ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬಂದವರ ಸರದಿ ನೋಡಿಕೊಂಡು ಬಾಗಿಲ ಹತ್ತಿರ ಕೂರುವವಳು. ಹಲ್ಲು ನೋವಿನವರಿಗೆ ಮಾತಾಡಲು ಆಗುವುದಿಲ್ಲ, ಆದ್ದರಿಂದ ಅಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅದೊಂದು ಪುಣ್ಯ.

ಮನೆಗೆ ಬಂದವರು ಮಾತ್ರ ಕೇಳುತ್ತಿದ್ದರು. ಹೇಗಾಯ್ತು, ಏನಾಯ್ತು. ಅಪ್ಪ ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಡುತ್ತಿದ್ದರು. "ವೇಗ ತಿಂತು ಅವನನ್ನ. ಹೇಳಿದ್ದೆ ನಾನು. ಕೇಳಲಿಲ್ಲ." ಮಗನ ಹೆಸರು ಹೇಳುತ್ತಿರಲಿಲ್ಲ, ಅವನ ಬೇರೆ ಯಾವ ಸಂಗತಿಯನ್ನೂ ಎತ್ತುತ್ತಿರಲಿಲ್ಲ. ಅಷ್ಟು ಹೇಳಿ ಎದ್ದು ಹೋಗಿ ಮುಖ ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದರು. ಹೊಟ್ಟೆ ತುಂಬ ಉಣ್ಣುತ್ತಿದ್ದರು. ಅದನ್ನು ನೋಡಲಾರದೆ ನಾನು ತಟ್ಟೆ ಬಿಟ್ಟು ಏಳುತ್ತಿದ್ದೆ. ಅತ್ತಿಗೆ ಮಾತ್ರ ಎದುರು ಮಾತಾಡಲಿಲ್ಲ. ಬಡಿಸುತ್ತಿದ್ದಳು, ಪಾತ್ರೆ ಎತ್ತಿಡುತ್ತಿದ್ದಳು.

ಒಮ್ಮೆ ನಾನೇ ತಡೆಯಲಾರದೆ ಕೇಳಿದೆ. "ನೀನಾದರೂ ಒಂದು ಮಾತು ಹೇಳಬಾರದಾ?"

"ಏನಂತ ಹೇಳಲಿ? ನಾನು ನೋಡಿಲ್ಲ, ಅವರೂ ನೋಡಿಲ್ಲ," ಅಂದಳು. "ಅವರದೂ ಬಾಯಿಮಾತು, ನನ್ನದೂ ಬಾಯಿಮಾತು. ಎರಡು ಬಾಯಿಮಾತು ಕುಸ್ತಿಗೆ ಬಿದ್ದರೆ ವಯಸ್ಸಾದವರದೇ ಗೆಲ್ಲೋದು."

ಪೊಲೀಸರು ಸೈಕಲ್ಲನ್ನು ಹಿಂದಕ್ಕೆ ಕೊಟ್ಟರು. ಮುಂದಿನ ಚಕ್ರ ಹಪ್ಪಳದಂತೆ ಸೊಟ್ಟಗಾಗಿತ್ತು, ಇಂಜಿನ್ನಿಗೆ ಏನೂ ಆಗಿರಲಿಲ್ಲ. ಅದನ್ನು ಗುಜರಿಗೆ ಹಾಕಿ ಅಂತ ಅಪ್ಪ ಹೇಳಿದರು. ಅತ್ತಿಗೆ ಮೆಟ್ಟಿಲ ಕೆಳಗೆ ತಳ್ಳಿ ಹಳೇ ಬೆಡ್‌ಶೀಟ್ ಹೊದಿಸಿದಳು.

ಅಷ್ಟರಲ್ಲಿ ಅವಳ ಫ್ಯಾಕ್ಟರಿಯಲ್ಲಿ ಒಂದು ಸಂಗತಿ ನಡೆಯಿತು. ಅವಳ ಪಕ್ಕದ ಮಿಷನ್ನಿನ ಹೆಂಗಸು ನಿಧಾನ, ಸೋಮಾರಿ, ಅವಳಿಂದ ಇಡೀ ಸಾಲಿನ ಕೆಲಸ ಹಿಂದೆ ಬೀಳುತ್ತಿದೆ ಅಂತ ಮೇಲ್ವಿಚಾರಕ ದಿನಾ ಗೊಣಗುತ್ತಿದ್ದ. ಒಂದು ದಿನ ಮಿಷನ್ ರಿಪೇರಿ ಮಾಡುವ ಎಣ್ಣೆ ಮಾಮ ಬಂದ. ಎಣ್ಣೆ ಮಾಮ ಅಂದರೆ ಕುಡುಕ ಅಂದುಕೊಳ್ಳಬೇಡಿ. ಅಂಗಿಯ ಜೇಬಿನಲ್ಲಿ ಸದಾ ಒಂದು ಎಣ್ಣೆ ಡಬ್ಬಿ ಇಟ್ಟುಕೊಂಡಿರುವುದರಿಂದ ಹುಡುಗಿಯರು ಇಟ್ಟ ಹೆಸರು. ಅವನು ಆ ಮಿಷನ್ನಿನ ಕೈಚಕ್ರಕ್ಕೆ ಹೊಳೆಯುವ ಕಾಗದದ ಚೂರೊಂದನ್ನು ಅಂಟಿಸಿ, ಟಾರ್ಚಿನಂಥ ಒಂದು ಮೀಟರಿನ ಬೆಳಕನ್ನು ಅದರ ಮೇಲೆ ಬಿಟ್ಟ. ಮೀಟರಿನಲ್ಲಿ ಅಂಕಿ ಬಂತು. ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಅಂಕಿ. ಹೊಲಿಗೆ ಮಿಷನ್ನಿನಲ್ಲಿ ಕೈಚಕ್ರ ಒಂದು ಸುತ್ತು ಬಂದರೆ ಒಂದು ಹೊಲಿಗೆ. ಉಳಿದ ಮಿಷನ್ನುಗಳಿಗಿಂತ ಅದು ಬಹಳ ಕಡಿಮೆ ತಿರುಗುತ್ತಿತ್ತು. ಬೆಲ್ಟು ಸಡಿಲವಾಗಿತ್ತು, ಅಷ್ಟೇ. ಮೇಲ್ವಿಚಾರಕ ಬಾಯಿ ಮುಚ್ಚಿಕೊಂಡು ಹೋದ. ಆ ಹೆಂಗಸು ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತಳಂತೆ.

ಅವತ್ತು ಸಂಜೆ ಅತ್ತಿಗೆ ಕಾಲು ತೊಳೆಯುವ ಮೊದಲೇ ಮೆಟ್ಟಿಲ ಕೆಳಗೆ ಹೋಗಿ ಬೆಡ್‌ಶೀಟ್ ತೆಗೆದಳು.

"ಇದು ಎಷ್ಟು ಓಡುತ್ತೆ ಅಂತ ನೋಡ್ತೀನಿ," ಅಂದಳು.

ಸೈಕಲ್ಲಿಗೆ ವೇಗ ತೋರಿಸುವ ಮೀಟರ್ ಇರಲಿಲ್ಲ. ನಮ್ಮ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನುಗಳು, ಅವುಗಳಲ್ಲೂ ವೇಗ ನೋಡಲು ಆಗುತ್ತಿರಲಿಲ್ಲ. ಆದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ಸಿಕ್ಕಿದರೆ ವೇಗ ಸಿಕ್ಕ ಹಾಗೆಯೇ, ಅಂತ ಎಣ್ಣೆ ಮಾಮ ಹೇಳಿದ್ದನಂತೆ. ಅವನೇ ಒಂದು ಪುಟ್ಟ ಮೀಟರ್ ಕೊಟ್ಟು ಕಳಿಸಿದ್ದ. ಬೆಂಕಿಪೊಟ್ಟಣದಷ್ಟು ದೊಡ್ಡದು, ಕರೀ ಪ್ಲಾಸ್ಟಿಕ್ಕಿನದು, ಅದರಿಂದ ಒಂದು ಕೆಂಪು ವೈರು ಹೊರಟಿತ್ತು. ಬಹಳ ಅಗ್ಗದ ವಸ್ತು. ಆ ವೈರನ್ನು ಇಂಜಿನ್ನಿನ ಪ್ಲಗ್ಗಿಗೆ ಹೋಗುವ ದಪ್ಪ ವೈರಿಗೆ ಬಳ್ಳಿಯ ಹಾಗೆ ನಾಲ್ಕೈದು ಸುತ್ತು ಸುತ್ತಬೇಕು. ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ಮೀಟರಿಗೆ ಗೊತ್ತಾಗುತ್ತದೆ, ಅದು ಎಣಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚು ತಿರುಗಿದ ಅಂಕಿಯನ್ನು ನೆನಪಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಓಡಿಸುವವರು ರಸ್ತೆ ಬಿಟ್ಟು ಅದನ್ನೇ ನೋಡುತ್ತಿರಬೇಕಾಗಿಲ್ಲ.

ಸೈಕಲ್ ಅಂಗಡಿಯಲ್ಲಿ ಹೊಸ ಚಕ್ರ ಹಾಕಿಸಿದೆವು. ರಜೆಯ ದಿನ ಅಪ್ಪ ಹೊರಗೆ ಹೋಗಿದ್ದಾಗ ಅಂಗಳದಲ್ಲಿ ಕೂತು ಲೆಕ್ಕಕ್ಕೆ ಬೇಕಾದದ್ದನ್ನೆಲ್ಲ ಅಳೆದೆವು. ಪ್ಲಗ್ ಬಿಚ್ಚಿಟ್ಟು, ಹಿಂದಿನ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನಾನು ಕೈಯಲ್ಲಿ ನಿಧಾನವಾಗಿ ತಿರುಗಿಸಿದೆ. ಅತ್ತಿಗೆ ಇಂಜಿನ್ನಿನ ಪಕ್ಕದ ಮುಚ್ಚಳ ತೆಗೆದು, ಒಳಗಿನ ಚಕ್ರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದಳು. ಸೈಕಲ್ಲಿನ ಚಕ್ರ ಒಂದು ಸುತ್ತು ಬರಬೇಕಾದರೆ ಇಂಜಿನ್ ಹದಿನೆಂಟು ಸುತ್ತು ತಿರುಗಬೇಕು. ಇನ್ನು ಆ ಚಕ್ರ ಒಂದು ಸುತ್ತು ಬಂದರೆ ನೆಲದ ಮೇಲೆ ಎರಡು ಮೀಟರಿಗೆ ಮೇಲೆ ನಾಲ್ಕು ಬೆರಳು ದೂರ ಹೋಗುತ್ತದೆ. ಉಳಿದದ್ದು ಬರೀ ಗುಣಾಕಾರ ಭಾಗಾಕಾರ.

ಗೋದಾಮುಗಳ ಹಿಂದೆ ಒಂದು ನೇರ ರಸ್ತೆ ಇದೆ, ರಜೆಯ ದಿನ ನಾಯಿ ಕೂಡ ಅಡ್ಡ ಬರುವುದಿಲ್ಲ. ಅಲ್ಲಿಗೆ ತಳ್ಳಿಕೊಂಡು ಹೋದೆವು. ಅತ್ತಿಗೆಗೆ ಸೈಕಲ್ ಚೆನ್ನಾಗಿ ಬರುತ್ತಿತ್ತು, ಇಂಜಿನ್ ಇರುವ ಯಾವುದನ್ನೂ ಓಡಿಸಿರಲಿಲ್ಲ. ತಲೆಗೆ ಯಾರದೋ ಹೆಲ್ಮೆಟ್ ಎರವಲು ತಂದಿದ್ದಳು. ತುಳಿದು ತುಳಿದು ಕ್ಲಚ್ ಬಿಟ್ಟಾಗ ಇಂಜಿನ್ ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು. ನಾಲ್ಕು ವರ್ಷ ಆ ಸದ್ದು ಬೀದಿಯ ಆ ತುದಿಯಲ್ಲಿ ಕೇಳಿಸಿದಾಗ ನಾನು ಊಟಕ್ಕೆ ತಟ್ಟೆ ಇಡುತ್ತಿದ್ದೆ.

ಅತ್ತಿಗೆ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಆ ತುದಿವರೆಗೆ ಹೋಗಿ ವಾಪಸು ಬಂದಳು. ಮುಖ ಬಿಳಿಚಿತ್ತು. ಗುಂಡಿ ಒತ್ತಿ ನೋಡಿದೆವು. ಒಂಬತ್ತು ಸಾವಿರ.

ಗೋದಾಮಿನ ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆ. ಒಂಬತ್ತು ಸಾವಿರವನ್ನು ಹದಿನೆಂಟರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ ಐನೂರು ಸುತ್ತು. ಗಂಟೆಗೆ ಅರವತ್ತೆರಡು ಕಿಲೋಮೀಟರ್. ಎರಡು ಸಲ ಹಾಕಿದೆ. ಅದೇ ಬಂತು.

"ಸಮನೆಲದ ಮೇಲೆ ಅರವತ್ತೆರಡು," ಅಂದಳು ಅತ್ತಿಗೆ. "ಇಳಿಜಾರಲ್ಲಿ ಇನ್ನೂ ಹೆಚ್ಚು."

ಅವಳು ನನ್ನ ಮುಂದೆ ಹಾದುಹೋದದ್ದು ಅಷ್ಟು ಜೋರಾಗಿತ್ತೇ? ನನಗೆ ಹೇಳಲು ಬರುತ್ತಿರಲಿಲ್ಲ. ಕಿವಿ ತುಂಬ ಸದ್ದು, ಎದೆ ತುಂಬ ಹೆದರಿಕೆ. ಅವಳನ್ನು ಕೇಳಿದರೆ, ಹಾರಿದ ಹಾಗಿತ್ತು ಅಂದಳು. ಹೆದರಿದವರ ಅಂದಾಜಿಗೆ ಬೆಲೆ ಎಷ್ಟು? ಅಂಕಿಯನ್ನೇ ನಂಬಿದೆವು.

ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದೆವು. ಮನೆ ಹತ್ತಿರ ಬಂದಾಗ, "ನನಗೆ ಹೇಳಿದ್ದರು, ನಡೆಯುತ್ತೆ ಅಷ್ಟೇ ಅಂತ," ಅಂದಳು. "ನನಗೂ ಹಾಗೇ ಹೇಳಿದ್ದರು."

ಆ ವಾರವಿಡೀ ಅವಳು ಫ್ಯಾಕ್ಟರಿಗೆ ಹೋದಳು, ಬಂದಳು. ಅಣ್ಣನ ಅಂಗಿಗಳನ್ನು ಬೀರುವಿನಿಂದ ತೆಗೆದು ಒಂದು ಪೆಟ್ಟಿಗೆಗೆ ತುಂಬಿದಳು. ಮಡಚಲಿಲ್ಲ, ತುರುಕಿದಳು. ಅವಳು ಬಟ್ಟೆಯನ್ನು ಹಾಗೆ ಮುಟ್ಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಂದು ಸಂಜೆ ಅಪ್ಪನ ಹಳೇ ಗೆಳೆಯರೊಬ್ಬರು ಬಂದಿದ್ದರು, ಅವರೂ ಡ್ರೈವರ್ ಆಗಿದ್ದವರೇ. ಅಪ್ಪ ಎಂದಿನ ಹಾಗೆ, "ವೇಗ ತಿಂತು," ಅಂದರು. ಅವರು ಹೋದ ಮೇಲೆ ಅತ್ತಿಗೆ ಅಡುಗೆಮನೆಯಿಂದ ಬಂದು ಅಪ್ಪನ ಎದುರು ನಿಂತಳು.

"ನೀವು ಹೇಳಿದ್ದೇ ಸರಿ, ಮಾವ. ನಾನೇ ಓಡಿಸಿ ನೋಡಿದೆ. ಮೀಟರ್ ಹಾಕಿ ನೋಡಿದೆ. ಅದು ಅರವತ್ತೆರಡು ಹೋಗುತ್ತೆ."

ಅಪ್ಪ ಬೈಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು.

"ಎಷ್ಟು?"

"ಅರವತ್ತೆರಡು."

"ಸಾಧ್ಯವಿಲ್ಲ," ಅಂದರು.

"ಅಂಕಿ ಬಂತು ಮಾವ. ಎರಡು ಸಲ ಲೆಕ್ಕ ಹಾಕಿದ್ದೀವಿ."

"ಅಂಕಿ ಬರುತ್ತೆ. ಎತ್ತು ಈಯಿತು ಅಂದರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ನೀವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು. ಅರವತ್ತರಲ್ಲಿ ಆ ಸೈಕಲ್ಲಿನ ಹ್ಯಾಂಡಲ್ಲು ಕೈಯಲ್ಲಿ ನಿಲ್ಲಲ್ಲ, ಮಡ್‌ಗಾರ್ಡು ಕಳಚಿ ಬೀಳುತ್ತೆ." ಆಮೇಲೆ ಬೇರೆಯದೇ ದನಿಯಲ್ಲಿ ಹೇಳಿದರು. "ನಾನು ಅದರ ಹಿಂದೆ ಕೂತಿದ್ದೀನಿ. ಒಂದು ಸಲ. ಕಣ್ಣಿನ ಆಸ್ಪತ್ರೆಗೆ ಹೋಗಬೇಕಿತ್ತು, ತಡವಾಗಿತ್ತು. ಎಲ್ಲ ಬಸ್ಸೂ ನಮ್ಮನ್ನ ದಾಟಿಕೊಂಡು ಹೋಗ್ತಿತ್ತು. ನನಗೆ ನಾಚಿಕೆ ಆಗಿ, ಹೋಗೋ ಜೋರಾಗಿ ಅಂದೆ. ಇದೇ ಇದರ ಕೊನೆ ಅಪ್ಪ, ಇದರ ಮೇಲೆ ಇಲ್ಲ, ಅಂದ. ನನ್ನ ತಲೆ ಮೇಲಿನ ಟೋಪಿ ಕೂಡ ಅಲ್ಲಾಡಲಿಲ್ಲ."

ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದಳು.

"ನಿಮಗೆ ಗೊತ್ತಿತ್ತು," ಅಂದಳು. "ಗೊತ್ತಿದ್ದೂ ಇಷ್ಟು ದಿನ ಯಾಕೆ ಹಾಗೆ ಹೇಳ್ತಿದ್ರಿ?"

ಅಪ್ಪ ಕನ್ನಡಕದ ಗಾಜನ್ನು ಅಂಗಿಯ ಅಂಚಿನಿಂದ ಒರೆಸುತ್ತ ಕೂತರು. ಅದನ್ನು ಮತ್ತೆ ಹಾಕಿಕೊಂಡು, "ಆ ಮೀಟರ್ ಕೊಟ್ಟವನನ್ನ ಕರೆಸು," ಅಂದರು.

ಎಣ್ಣೆ ಮಾಮ ಬಂದದ್ದು ಮರುದಿನ ಕೆಲಸ ಮುಗಿದ ಮೇಲೆ. ಒಂಬತ್ತು ಸಾವಿರ ಅಂದ ಕೂಡಲೇ ಅವನ ಹುಬ್ಬು ಮೇಲೇರಿತು. ಆದರೂ ಹಾಗೇ ಹೇಳಿಬಿಡುವುದು ಬೇಡ, ನೋಡೋಣ ಅಂದ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ರಿಮ್ಮಿಗೆ ಹೊಳೆಯುವ ಕಾಗದದ ಚೂರು ಅಂಟಿಸಿದ. ಇಂಜಿನ್ ಹೊತ್ತಿಸಿ ಹದವಾಗಿ ತಿರುಗುವಷ್ಟಕ್ಕೆ ಬಿಟ್ಟ. ಫ್ಯಾಕ್ಟರಿಯಿಂದ ತಂದ ಬೆಳಕಿನ ಮೀಟರನ್ನು ಚಕ್ರಕ್ಕೆ ಹಿಡಿದ. ಅಂಗಳದಲ್ಲಿ ಹೊಗೆ ತುಂಬಿಕೊಂಡಿತು. ಅಪ್ಪ ಕುರ್ಚಿ ತಂದುಕೊಂಡು ಅದರಲ್ಲಿ ಕೂರದೆ, ಅದರ ಬೆನ್ನು ಹಿಡಿದು ನಿಂತಿದ್ದರು.

ಚಕ್ರ ನಿಮಿಷಕ್ಕೆ ನೂರೈವತ್ತು ಸುತ್ತು ಅಂತ ಬೆಳಕಿನ ಮೀಟರ್ ತೋರಿಸಿತು. ಹದಿನೆಂಟರಿಂದ ಗುಣಿಸಿದರೆ ಇಂಜಿನ್ ಎರಡು ಸಾವಿರದ ಏಳುನೂರು ತಿರುಗುತ್ತಿರಬೇಕು. ಕೆಂಪು ವೈರಿನ ಮೀಟರ್ ಐದು ಸಾವಿರದ ನಾನೂರು ಅನ್ನುತ್ತಿತ್ತು.

"ಸರಿಯಾಗಿ ಎರಡು ಪಟ್ಟು," ಅಂದ ಎಣ್ಣೆ ಮಾಮ. ಇಂಜಿನ್ ನಿಲ್ಲಿಸಿ, ಆ ಪುಟ್ಟ ಮೀಟರಿನ ಗುಂಡಿಯನ್ನು ಒತ್ತಿ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ. ಮುಖ ಸಪ್ಪಗಾಯಿತು. "ಇದು ನನ್ನ ಬೈಕಿಗೆ ಹೊಂದಿಸಿಟ್ಟದ್ದು, ತಂಗಿ. ಹಾಗೇ ಕೊಟ್ಟುಬಿಟ್ಟೆ. ನನ್ನ ಬೈಕಲ್ಲಿ ಇಂಜಿನ್ ಎರಡು ಸುತ್ತು ಬಂದರೆ ಒಂದು ಕಿಡಿ. ಈ ಪುಟ್ಟದರಲ್ಲಿ ಒಂದೊಂದು ಸುತ್ತಿಗೂ ಒಂದೊಂದು ಕಿಡಿ. ಮೀಟರ್ ಎಣಿಸೋದು ಕಿಡೀನ, ಸುತ್ತನ್ನಲ್ಲ. ಒಂದು ಕಿಡಿ ಕಂಡರೆ ಎರಡು ಸುತ್ತು ಅಂತ ಬರಕೊಂಡಿದೆ."

"ಹಾಗಾದರೆ ಒಂಬತ್ತು ಸಾವಿರ ಅಲ್ಲ," ಅಂದೆ ನಾನು.

"ನಾಲ್ಕೂವರೆ. ಒಂಬತ್ತು ಸಾವಿರ ತಿರುಗಿದ್ದರೆ ಇದು ಅವತ್ತೇ ಚೂರುಚೂರಾಗ್ತಿತ್ತು."

ನಾಲ್ಕೂವರೆ ಸಾವಿರ ಅಂದರೆ ಗಂಟೆಗೆ ಮೂವತ್ತೊಂದು. ಅತ್ತಿಗೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನಾನೂ ಹೋಗಿ ನೋಡಿದರೆ, ನೆಲದ ಮೇಲೆ ಕೂತು ಪೆಟ್ಟಿಗೆಯಿಂದ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಡಚುತ್ತಿದ್ದಳು. ಕಾಲರ್ ನೇರ ಮಾಡಿ, ತೋಳು ಹಿಂದಕ್ಕೆ ಮಡಚಿ, ಅಂಗೈಯಲ್ಲಿ ಸವರಿ. ಕಣ್ಣೀರು ಅಂಗಿಯ ಮೇಲೆ ಬೀಳುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ನಾನೂ ಪಕ್ಕದಲ್ಲಿ ಕೂತು ಮಡಚಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಅಪ್ಪನಿಗೆ ಮುಗಿದಿರಲಿಲ್ಲ. "ಅದು ಸಮನೆಲದ ಲೆಕ್ಕ," ಅಂದರು. "ಅವನು ಬಿದ್ದದ್ದು ಇಳಿಜಾರಲ್ಲಿ. ಇಳಿಜಾರಲ್ಲಿ ನೋಡಬೇಕು."

ಅತ್ತಿಗೆ, "ನಾನು ಓಡಿಸ್ತೀನಿ," ಅಂದಳು. ನನಗೆ ಭಯವಾಯಿತು. ಬೇಡ ಅಂತ ಜಗಳವಾಡಿದೆ. ಒಬ್ಬರನ್ನು ಕಳಕೊಂಡದ್ದು ಸಾಲದೇ ಅಂತಲೂ ಕೇಳಿದೆ. ಅಪ್ಪ ನನಗೆ ಅಡ್ಡ ಬರಲಿಲ್ಲ, ಅವಳನ್ನು ಬೇಡ ಅನ್ನಲೂ ಇಲ್ಲ. ಕೊನೆಗೆ, "ಕೆಳಗೆ ನಾನು ನಿಂತಿರ್ತೀನಿ," ಅಂದರು.

ಮುಂದಿನ ರಜೆಯ ದಿನ ಬೆಳಿಗ್ಗೆ, ಬೀದಿ ಇನ್ನೂ ಸರಿಯಾಗಿ ಎದ್ದಿರದಾಗ ಹೋದೆವು. ಅಣ್ಣ ಹೋದ ಮೇಲೆ ಅಪ್ಪ ಆ ದಾರಿಯಲ್ಲಿ ಕಾಲಿಟ್ಟಿರಲಿಲ್ಲ, ಎಷ್ಟೇ ಸುತ್ತು ಬಳಸಾದರೂ ಬೇರೆ ಬೀದಿಯಲ್ಲೇ ಹೋಗುತ್ತಿದ್ದರು. ತಿರುವಿನಲ್ಲಿ ಕಲ್ಲು ಹಾಗೇ ಇತ್ತು. ಮರಳು ಇರಲಿಲ್ಲ. ಆದರೂ ಅಪ್ಪ ಮನೆಯಿಂದ ತಂದ ಪೊರಕೆಯಿಂದ ತಿರುವನ್ನೆಲ್ಲ ಗುಡಿಸಿದರು. ಬಗ್ಗಿ, ಅಂಗೈಯಿಂದ ರಸ್ತೆಯನ್ನು ಮುಟ್ಟಿ ನೋಡಿದರು. ಆಮೇಲೆ ರಸ್ತೆಯ ನಡುವೆ ನಿಂತು, ಆಚೆಯಿಂದ ಬರುತ್ತಿದ್ದ ಒಂದು ಹಾಲಿನ ವ್ಯಾನಿಗೆ ಕೈ ಎತ್ತಿದರು. ವ್ಯಾನಿನವನು ತಲೆ ಹೊರಗೆ ಹಾಕಿ ಏನೋ ಕೇಳಲು ಹೋದವನು, ಅಪ್ಪನ ಮುಖ ನೋಡಿ ಇಂಜಿನ್ ಆರಿಸಿದ.

ಅಪ್ಪ ಇನ್ನೊಂದು ಕೈಯನ್ನು ಮೇಲೆ ನಿಂತಿದ್ದ ಅತ್ತಿಗೆಗೆ ಬೀಸಿದರು.

ಮೊದಲು ಸದ್ದು ಬಂತು. ಟ್ಯಾಂಕಿನ ಗೋಡೆಗೆ ಬಡಿದು ಎರಡು ಪಟ್ಟಾಗಿ ಬಂತು. ಆಮೇಲೆ ಅವಳು ಕಾಣಿಸಿದಳು, ಸೈಕಲ್ಲಿನ ಮೇಲೆ ಬಗ್ಗಿ, ಮೊಣಕೈ ಬಿಗಿ ಹಿಡಿದು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ತಿರುವನ್ನು ದಾಟಿ, ಬ್ರೇಕು ಹಿಡಿದು, ಆಚೆ ಕಾಲು ಊರಿ ನಿಂತಿದ್ದಳು. ಅಪ್ಪ ಎತ್ತಿದ ಕೈಯನ್ನು ಇಳಿಸುವುದು ಮರೆತು ಹಾಗೇ ನಿಂತಿದ್ದರು. ವ್ಯಾನು ಹೋಗಲು ಕಾಯುತ್ತಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯುತ್ತಿದ್ದ ಅಂಗಡಿಯವನು ಕೆಳಗಿಳಿದು ಬಂದ. ನಾವು ಯಾರು ಅಂತ ಅವನಿಗೆ ಗೊತ್ತಾಯಿತು. ಮೆಲ್ಲಗೆ ಹೇಳಿದ. "ಅವತ್ತೂ ಹೀಗೇ ಬಂದದ್ದು, ಯಜಮಾನರೇ. ಥೇಟ್ ಹೀಗೇ. ಬಾಣ ಬಿಟ್ಟ ಹಾಗೆ."

ಅತ್ತಿಗೆ ಮೀಟರಿನ ಗುಂಡಿ ಒತ್ತಿದಳು. ಐದು ಸಾವಿರದ ನಾನೂರು. ಈ ಸಲ ಎಣ್ಣೆ ಮಾಮ ಮೀಟರನ್ನು ಈ ಇಂಜಿನ್ನಿಗೇ ಸರಿಯಾಗಿ ಹೊಂದಿಸಿಕೊಟ್ಟಿದ್ದ. ನಾನು ಅಂಗೈ ಮೇಲೆ ಪೆನ್ನಿನಿಂದ ಲೆಕ್ಕ ಹಾಕಿದೆ. ಗಂಟೆಗೆ ಮೂವತ್ತೇಳು.

"ಮೂವತ್ತೇಳು," ಅಂದರು ಅಪ್ಪ. ಅಂಗಡಿಯವನ ಕಡೆ ತಿರುಗಿದರು. ಬೈಯಲಿಲ್ಲ. "ನಾನು ಇದೇ ಇಳಿಜಾರಲ್ಲಿ ಬಸ್ಸನ್ನ ನಲವತ್ತರಲ್ಲಿ ಇಳಿಸ್ತಿದ್ದೆ. ತುಂಬಿದ ಬಸ್ಸು. ಯಾರೂ ನನಗೆ ಬಾಣ ಅನ್ನಲಿಲ್ಲ. ಇದರದು ಸದ್ದು, ಅಷ್ಟೇ. ನೀವು ಕೇಳಿದ್ದು ಸದ್ದು."

ಅಂಗಡಿಯವನು ಒಳಗೆ ಹೋಗಿ ಒಂದು ಲೋಟ ನೀರು ತಂದ. ಅವನದು ಸುಳ್ಳಾಗಿರಲಿಲ್ಲ. ಅವನು ಕಂಡದ್ದನ್ನೇ ಹೇಳಿದ್ದ.

ಅಪ್ಪ ನೀರು ಕುಡಿಯಲಿಲ್ಲ. ಲೋಟ ಹಿಡಿದುಕೊಂಡು ಆ ಕಲ್ಲಿನ ಪಕ್ಕದಲ್ಲೇ ರಸ್ತೆ ಅಂಚಿಗೆ ಕೂತರು. "ಹಾಗಾದರೆ ಯಾಕೆ?" ಅಂತ ಕೇಳಿದರು. ಯಾರನ್ನು ಕೇಳಿದರೋ ಗೊತ್ತಿಲ್ಲ. "ಅವನದೇನೂ ತಪ್ಪಿಲ್ಲ ಅಂದರೆ, ಯಾಕೆ?"

ಮರಳು ಚೆಲ್ಲಿದ ಲಾರಿ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಅತ್ತಿಗೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದು ಅವರ ಪಕ್ಕದಲ್ಲಿ ಕೂತಳು. ಹೆಲ್ಮೆಟ್ ತೆಗೆಯುವುದನ್ನೂ ಮರೆತಿದ್ದಳು. ಹಾಲಿನ ವ್ಯಾನು ಅವರಿಬ್ಬರನ್ನು ಬಳಸಿಕೊಂಡು ನಿಧಾನವಾಗಿ ಹೋಯಿತು.

ಆ ದಿನದಿಂದ ಅಪ್ಪ 'ವೇಗ' ಅನ್ನುವ ಮಾತನ್ನು ಬಾಯಿಂದ ತೆಗೆಯಲಿಲ್ಲ. ಆದರೆ ನಾನು ಅಂದುಕೊಂಡ ಹಾಗೆ ಮನೆ ಹಗುರಾಗಲಿಲ್ಲ. ಅಪ್ಪ ಊಟ ಬಿಟ್ಟರು. ತಟ್ಟೆಯ ಮುಂದೆ ಕೂರುತ್ತಿದ್ದರು, ಎರಡು ತುತ್ತು ಬಾಯಿಗಿಟ್ಟು ಎದ್ದುಬಿಡುತ್ತಿದ್ದರು. ಅಂಗಿ ಹೆಗಲಿನಿಂದ ಜಾರತೊಡಗಿತು. ನಮ್ಮ ಡಾಕ್ಟರಿಗೆ ಹೇಳಿದೆ, ಅವರು ಹಲ್ಲು ನೋಡಿ ಹಲ್ಲೆಲ್ಲ ಸರಿಯಾಗಿವೆ ಅಂದರು.

ಒಂದು ಮಧ್ಯಾಹ್ನ ಅತ್ತಿಗೆ ತಟ್ಟೆ ಇಟ್ಟು, ಎದ್ದು ಹೋಗದೆ ಎದುರಿಗೆ ಕೂತಳು. "ನಾನು ಅಳೆಯಬಾರದಿತ್ತು, ಮಾವ," ಅಂದಳು.

ಅಪ್ಪ ತಲೆ ಅಲ್ಲಾಡಿಸಿದರು. "ಅಳೆದದ್ದು ಒಳ್ಳೆಯದಾಯ್ತು. ನೀನು ಅವತ್ತು ಕೇಳಿದೆಯಲ್ಲ, ಗೊತ್ತಿದ್ದೂ ಯಾಕೆ ಹಾಗೆ ಹೇಳ್ತಿದ್ರಿ ಅಂತ. ಅವನ ಮೇಲೆ ಸಿಟ್ಟು ಇದ್ದಷ್ಟು ದಿನ ನನಗೆ ಊಟ ಸೇರ್ತಿತ್ತು. ನಿದ್ದೆ ಬರ್ತಿತ್ತು. ಮಾತು ಕೇಳದ ಮಗ, ಹೋದ, ಅಂತ. ಈಗ ಸಿಟ್ಟು ಮಾಡೋಕೆ ಯಾರೂ ಇಲ್ಲ. ಬರೀ ಅವನು ಇಲ್ಲ ಅನ್ನೋದು ಉಳಿದಿದೆ." ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅವನ ಹೆಂಡತಿಯ ಎದುರಿಗೇ ಅವನನ್ನ ದಿನಾ ಬೈದೆ. ನಿನಗೆ ಹೇಗಾಗಿರಬೇಕು."

"ನನಗೂ ಒಂದು ವಾರ ಸಿಟ್ಟಿತ್ತಲ್ಲ ಮಾವ," ಅಂದಳು ಅತ್ತಿಗೆ. "ಅದು ಹೇಗಿರುತ್ತೆ ಅಂತ ನನಗೂ ಗೊತ್ತು."

ಪೊಲೀಸರು ಬರೆದದ್ದನ್ನು ತಿದ್ದಿಸಲು ಅವಳು ಹೋಗಲಿಲ್ಲ. ಎಣ್ಣೆ ಮಾಮ ತಾನೇ ಬಂದು ಸಾಕ್ಷಿ ಹೇಳುತ್ತೇನೆ ಅಂದಿದ್ದ, ಬೇಡ ಅಂದಳು. ಅದು ಯಾರಿಗೆ ಗೊತ್ತಾಗಬೇಕಿತ್ತೋ ಅವರಿಗೆ ಗೊತ್ತಾಯಿತು ಅನ್ನುವುದು ಅವಳ ಲೆಕ್ಕ. ಸೈಕಲ್ಲನ್ನು ಗುಜರಿಗೆ ಹಾಕುವ ಮಾತು ಆಮೇಲೆ ಯಾರೂ ಎತ್ತಲಿಲ್ಲ, ಓಡಿಸುವ ಮಾತೂ ಎತ್ತಲಿಲ್ಲ.

ಅಪ್ಪ ಮತ್ತೆ ಉಣ್ಣಲು ಶುರುಮಾಡಿದ್ದು ಯಾವಾಗ ಅಂತ ಸರಿಯಾಗಿ ಹೇಳಲಾರೆ. ಒಂದು ಸಂಜೆ ಮಾತ್ರ ನೆನಪಿದೆ. ನಾನು ಹಿತ್ತಲ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅತ್ತಿಗೆ ಫ್ಯಾಕ್ಟರಿಯಿಂದ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಅಪ್ಪ ಬಂದು ಅವಳಿಗಿಂತ ಒಂದು ಮೆಟ್ಟಿಲು ಮೇಲೆ ಕೂತರು. ಗಂಟಲು ಸರಿ ಮಾಡಿಕೊಂಡು, ಹೊಸಬರ ಹತ್ತಿರ ಮಾತಾಡುವವರ ಹಾಗೆ ಕೇಳಿದರು.

"ಅವತ್ತು ಬೆಳಿಗ್ಗೆ ನಾನು ಎದ್ದಿರಲಿಲ್ಲ. ಅವನು ಹೊರಟಾಗ ಏನು ಮಾಡ್ತಿದ್ದ?"

ಇಷ್ಟು ತಿಂಗಳಲ್ಲಿ ನಾನೂ ಅದನ್ನು ಅವಳ ಹತ್ತಿರ ಕೇಳಿರಲಿಲ್ಲ. ನಲ್ಲಿ ನಿಲ್ಲಿಸಿದೆ.

"ಕಾಲುಚೀಲ ಹುಡುಕ್ತಿದ್ದರು," ಅಂದಳು ಅತ್ತಿಗೆ. "ಒಂದು ಸಿಕ್ತು, ಅದರ ಜೋಡಿ ಸಿಗಲಿಲ್ಲ. ನಾನು ಹುಡುಕಿಕೊಡ್ತೀನಿ ತಡೀರಿ ಅಂದೆ. ಬೇಡ ಅಂತ ಬೇರೆ ಬೇರೆದೇ ಹಾಕ್ಕೊಂಡರು. ಬೀಗದವನ ಕೈ ನೋಡ್ತಾರೆ, ಕಾಲು ಯಾರು ನೋಡ್ತಾರೆ ಅಂದರು."

ಅಪ್ಪನ ಬಾಯಿಂದ ನಗುವೋ ಕೆಮ್ಮೋ ಒಂದು ಸದ್ದು ಬಂತು.

"ಚಿಕ್ಕವನಿದ್ದಾಗಲೂ ಹಾಗೇ," ಅಂದರು. "ಯಾವ ಬಣ್ಣದ್ದು?"

"ಒಂದು ಬೂದು, ಒಂದು ನೀಲಿ."

"ಆಮೇಲೆ?"

"ಆಮೇಲೆ ಚಹಾ ಕುಡಿದರು. ಸಕ್ಕರೆ ಕಡಿಮೆ ಆಯ್ತು ಅಂದರು. ನಾನು ಹಾಕಲಿಲ್ಲ, ಇದ್ದಷ್ಟು ಕುಡೀರಿ ಅಂದೆ."

"ಕುಡಿದನಾ?"

"ಕುಡಿದರು. ನಿಂತುಕೊಂಡೇ ಕುಡಿದರು. ಕಿಟಕಿ ಹತ್ತಿರ."

ಅಪ್ಪ ಇನ್ನೊಂದು ಕೇಳಿದರು, ಅವಳು ಹೇಳಿದಳು. ಅವಳಿಗೆ ಎಲ್ಲವೂ ನೆನಪಿತ್ತು. ಒಂದು ಸಣ್ಣ ಬೆಳಗನ್ನು ಅವಳು ಅಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದಳು. ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕೂತೆ. ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು, ಮಾತು ನಿಲ್ಲಿಸಲಿಲ್ಲ.